ಹೊಲದಲ್ಲಿ ಹುಳ ಎಣಿಸೋ ವಿಜ್ಞಾನಿಗೆ ಮೂರೇ ವರ್ಷ ಟೈಮು

ಭತ್ತದ ಗದ್ದೇಲಿ ಜಿಗಿಹುಳು ಎಣಿಸೋದು ಹೇಗೆ ಅಂತ ಮೊದಲು ಹೇಳ್ಬಿಡ್ತೀನಿ, ಆಮೇಲೆ ಮಿಕ್ಕಿದ್ದು. ಒಂದು ಬಿಳಿ ತಟ್ಟೆ ತಗೋಬೇಕು, ತಳಕ್ಕೆ ಸ್ವಲ್ಪ ನೀರು, ಒಂದು ತೊಟ್ಟು ಸೋಪು ಹಾಕಬೇಕು, ಪೈರಿನ ಬುಡಕ್ಕೆ ಓರೆಯಾಗಿ ಹಿಡಿದು ಇನ್ನೊಂದು ಕೈಲಿ ಬುಡವನ್ನ ಮೂರ್ನಾಲ್ಕು ಸಲ ತಟ್ಟಬೇಕು. ಎಳ್ಳುಕಾಳಿನ ಗಾತ್ರದ ಕಂದು ಹುಳಗಳು ತಟ್ಟೆಗೆ ಉದುರ್ತವೆ, ಅವು ನೆಗೆದು ಹೋಗೋದ್ರೊಳಗೆ ಎಣಿಸಿ ಮುಗಿಸಬೇಕು. ದೊಡ್ಡವು ಎಷ್ಟು, ಮರಿ ಎಷ್ಟು, ರೆಕ್ಕೆ ಇರೋವು ಎಷ್ಟು ಅಂತ ಬಾಯಲ್ಲಿ ಹೇಳ್ತಾ ಹೋದ್ರೆ ಪಕ್ಕದಲ್ಲಿ ನಿಂತೋರು ಬರ್ಕೋತಾರೆ. ಒಂದು ತಾಕಿನಲ್ಲಿ 20 ಬುಡ, ಒಟ್ಟು 16 ತಾಕು, ಅಂದ್ರೆ ವಾರಕ್ಕೊಂದು ಸಲ 320 ಸಲ ಬಗ್ಗಿ ಏಳೋದು. ನಾನು ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಮಾಡಿದ ಕೆಲಸ ಇದು. ಮೊದಲನೇ ಸೀಸನ್ನಲ್ಲಿ ಹುಳ ಚೆನ್ನಾಗೇ ಬಂತು, ಎರಡನೇ ಸೀಸನ್ ಮಳೆ ಕೈಕೊಟ್ಟು ಪೈರೇ ಸರಿಯಾಗಿ ಬರಲಿಲ್ಲ ಇನ್ನು ಹುಳ ಎಲ್ಲಿಂದ ಬರಬೇಕು, ಮೂರನೇ ಸೀಸನ್ ಅರ್ಧಕ್ಕೆ ಬಂದಾಗ ಪ್ರಾಜೆಕ್ಟ್ ಅವಧಿ ಮುಗೀತು. ಮುಂದುವರಿಸೋಕೆ ದುಡ್ಡಿಲ್ಲ. ಅಲ್ಲಿಗೆ ನಮ್ಮ ಹತ್ರ ಉಳಿದಿದ್ದು ಒಂದು ಒಳ್ಳೆ ವರ್ಷ, ಒಂದು ಕೆಟ್ಟ ವರ್ಷ ಮತ್ತೆ ಅರ್ಧ ವರ್ಷ. ಇದನ್ನಿಟ್ಕೊಂಡು ಯಾವ ತೀರ್ಮಾನಕ್ಕೂ ಬರೋಕಾಗಲ್ಲ, ಆದ್ರೂ ರಿಪೋರ್ಟ್ ಬರೀಲೇಬೇಕಿತ್ತು, ಬರೆದ್ವಿ.

ಇದನ್ನ ನನ್ನ ಗೋಳು ಅಂತ ಹೇಳ್ತಿಲ್ಲ. ಪರಿಸರ ವಿಜ್ಞಾನ ಮತ್ತೆ ಕೃಷಿ ಜೀವವಿಜ್ಞಾನ ಎರಡೂ ಸೇರೋ ಜಾಗದಲ್ಲಿ ಕೆಲಸ ಮಾಡೋ ಯಾರನ್ನ ಕೇಳಿದ್ರೂ ಹೆಚ್ಚೂಕಮ್ಮಿ ಇದೇ ಕಥೆ ಬೇರೆ ಬೇರೆ ಹುಳದ ಹೆಸರಲ್ಲಿ ಬರುತ್ತೆ. ಹೊಲಕ್ಕೆ ಒಂದು ಲೆಕ್ಕದ ಕಾಲ ಇದೆ, ಆ ಹೊಲವನ್ನ ಓದೋ ವಿಜ್ಞಾನಿಯ ನೌಕರಿಗೆ ಇನ್ನೊಂದು ಲೆಕ್ಕದ ಕಾಲ ಇದೆ, ಎರಡೂ ತಾಳೆ ಆಗಲ್ಲ. ಇದ್ರಿಂದ ವಿಜ್ಞಾನಿಗೆ ಕಷ್ಟ ಅನ್ನೋದು ನಿಜ, ಆದ್ರೆ ಅದು ಚಿಕ್ಕ ವಿಷಯ. ದೊಡ್ಡ ವಿಷಯ ಏನಂದ್ರೆ ಯಾವ ಪ್ರಶ್ನೆ ಕೇಳಬೇಕು ಅನ್ನೋದನ್ನೇ ಆ ನೌಕರಿಯ ಕಾಲ ತೀರ್ಮಾನ ಮಾಡ್ಬಿಡುತ್ತೆ. ಮೂರು ವರ್ಷದಲ್ಲಿ ಉತ್ತರ ಸಿಗದ ಪ್ರಶ್ನೇನ ಯಾರೂ ಕೇಳೋದೇ ಇಲ್ಲ.

ಹೇಗೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ಪಿಎಚ್‌ಡಿ ನಾಲ್ಕೈದು ವರ್ಷ, ಅದ್ರಲ್ಲಿ ಕೋರ್ಸು, ವಿಷಯ ಹುಡುಕೋದು, ಥೀಸಿಸ್ ಬರೆಯೋದು ಎಲ್ಲ ಕಳೆದ್ರೆ ಹೊಲದಲ್ಲಿ ಕೆಲಸಕ್ಕೆ ಸಿಗೋದು ಎರಡು, ಅಬ್ಬಬ್ಬಾ ಅಂದ್ರೆ ಮೂರು ಸೀಸನ್. ಆಮೇಲೆ ಪೋಸ್ಟ್‌ಡಾಕ್ ಅನ್ನೋ ತಾತ್ಕಾಲಿಕ ಸಂಶೋಧನಾ ಕೆಲಸ, ಒಂದೊಂದು ಎರಡು ಮೂರು ವರ್ಷದ್ದು, ಪ್ರತಿ ಸಲವೂ ಬೇರೆ ಊರು, ಎಷ್ಟೋ ಸಲ ಬೇರೆ ದೇಶ, ಬೇರೆ ಬೆಳೆ, ಬೇರೆ ಕೀಟ. ಖಾಯಂ ಕೆಲಸ ಸಿಕ್ಕಮೇಲೂ ಗ್ರ್ಯಾಂಟ್ ಅಂತ ಸಂಶೋಧನೆಗೆ ದುಡ್ಡು ಬರೋದು ಸಾಮಾನ್ಯವಾಗಿ ಮೂರು ವರ್ಷಕ್ಕೇ. ಲ್ಯಾಬಲ್ಲಿ ಬ್ಯಾಕ್ಟೀರಿಯಾ ಇಟ್ಕೊಂಡು ಕೆಲಸ ಮಾಡೋರು ಸೋಮವಾರದ ಪ್ರಯೋಗ ಕೆಟ್ರೆ ಬುಧವಾರ ಮತ್ತೆ ಮಾಡಬಹುದು, ಹೊಲದಲ್ಲಿ ಕೆಲಸ ಮಾಡೋರಿಗೆ ಒಂದು ಬೆಳೆ ಕೆಟ್ರೆ ಮುಂದಿನ ವರ್ಷವೇ ಗತಿ. ಮಳೆ ಹತ್ತು ದಿನ ಲೇಟಾದ್ರೆ ಪಿಎಚ್‌ಡಿ ಒಂದು ವರ್ಷ ಲೇಟು, ಇದು ತಮಾಷೆ ಅಲ್ಲ.

ಇನ್ನು ಅಷ್ಟೂ ಜನ ಯಾಕಪ್ಪ ಇಷ್ಟು ಕಷ್ಟಪಟ್ಟು ಹುಳ ಎಣಿಸಬೇಕು, ಔಷಧಿ ಹೊಡೆದ್ರೆ ಮುಗೀತಲ್ಲ ಅನ್ನೋರಿಗೆ ಅದೇ ಕಂದು ಜಿಗಿಹುಳುವಿನ ಕಥೆ ಹೇಳಬೇಕು. ಪರಿಸರ ವಿಜ್ಞಾನಿ ಗದ್ದೆಗೆ ಇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

1960ರ ದಶಕದಲ್ಲಿ ಹೊಸ ಗಿಡ್ಡ ತಳಿ ಭತ್ತ ಬಂತು, ಜೊತೆಗೆ ಗೊಬ್ಬರ, ಜೊತೆಗೆ ಕೀಟನಾಶಕ. ಅಲ್ಲೀತನಕ ಏಷ್ಯಾದ ಉಷ್ಣವಲಯದ ದೇಶಗಳಲ್ಲಿ ಈ ಜಿಗಿಹುಳು ಇತ್ತು, ಆದ್ರೆ ಅಲ್ಲಿ ಯಾರೂ ತಲೆ ಕೆಡಿಸ್ಕೊಳ್ಳೋವಂಥ ಹುಳ ಆಗಿರಲಿಲ್ಲ. 1970ರ ದಶಕದಲ್ಲಿ ಏಷ್ಯಾದ ದೇಶ ದೇಶಗಳಲ್ಲಿ ಈ ಹುಳದ ಕಾಟಕ್ಕೆ ಗದ್ದೆ ಗದ್ದೆಗಳೇ ಬೆಂಕಿ ಬಿದ್ದ ಹಾಗೆ ದುಂಡುದುಂಡಗೆ ಸುಟ್ಟು ಹೋಗೋಕೆ ಶುರುವಾಯ್ತು. ಫಿಲಿಪೈನ್ಸ್‌ನಲ್ಲಿರೋ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ಅದೇ ಇರ್ರಿ ಅಂತಾರಲ್ಲ, ಅವರು 1973ರಲ್ಲಿ ಐಆರ್ 26 ಅನ್ನೋ ನಿರೋಧಕ ತಳಿ ಬಿಟ್ರು. ಎರಡು ಮೂರು ವರ್ಷದಲ್ಲಿ ಹುಳ ಅದಕ್ಕೂ ಒಗ್ಗಿಕೊಂಡ್ತು. ಇನ್ನೊಂದು ತಳಿ ಬಿಟ್ರು. ಔಷಧಿ ಜಾಸ್ತಿ ಮಾಡಿದ್ರು. ಹುಳ ಕಮ್ಮಿ ಆಗೋ ಬದಲು ಔಷಧಿ ಹೊಡೆದ ಕಡೇನೇ ಜಾಸ್ತಿ ಆಗ್ತಿತ್ತು.

ಆಗ ಪೀಟರ್ ಕೆನ್‌ಮೋರ್ ಅನ್ನೋ ಹುಡುಗ, ಅಮೆರಿಕದ ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡ್ತಿದ್ದವರು, ಇರ್ರಿಗೆ ಬಂದು ಬೇರೆ ಥರದ ಪ್ರಶ್ನೆ ಕೇಳಿದ್ರು. ಹುಳವನ್ನ ಕೊಲ್ಲೋದು ಹೇಗೆ ಅನ್ನೋದು ಎಲ್ಲರೂ ಕೇಳ್ತಿದ್ದ ಪ್ರಶ್ನೆ, ಇವರು ಕೇಳಿದ್ದು ಔಷಧಿ ಹೊಡೀದೆ ಇರೋ ಗದ್ದೇಲಿ ಈ ಹುಳವನ್ನ ಯಾರು ಹಿಡಿತದಲ್ಲಿ ಇಟ್ಟಿದಾರೆ ಅಂತ. ಉತ್ತರ ಪೈರಿನ ಬುಡದಲ್ಲೇ ಓಡಾಡ್ತಿತ್ತು. ಬಲೆ ಕಟ್ಟದೆ ನೀರಿನ ಮೇಲೆ ಓಡಾಡಿ ಬೇಟೆಯಾಡೋ ತೋಳ ಜೇಡ, ಜಿಗಿಹುಳುವಿನ ಮೊಟ್ಟೆ ಹೀರೋ ಒಂದು ಹಸಿರು ತಿಗಣೆ, ನೀರಿನ ಮೇಲೆ ಜಾರೋ ಸಣ್ಣ ತಿಗಣೆಗಳು. ಜಿಗಿಹುಳು ಮೊಟ್ಟೆ ಇಡೋದು ಎಲೆಯ ಬುಡದ ಸಿಪ್ಪೆಯ ಒಳಗೆ ಸೀಳಿ, ಅಲ್ಲಿಗೆ ಔಷಧಿ ಸರಿಯಾಗಿ ಮುಟ್ಟಲ್ಲ. ಜೇಡ ಓಡಾಡೋದು ಹೊರಗೆ, ಅದಕ್ಕೆ ಪೂರ್ತಿ ತಗಲುತ್ತೆ. ಹಾಗಾಗಿ ಸಿಂಪಡಿಸಿದ ಒಂದು ವಾರಕ್ಕೆ ಮೊಟ್ಟೆ ಒಡೆದು ಮರಿ ಬಂದಾಗ ತಿನ್ನೋರೇ ಇರಲ್ಲ, ಒಂದು ತಲೆಮಾರು ಅಂದ್ರೆ ಅದಕ್ಕೆ ತಿಂಗಳು ಸಾಕು, ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ, ಲೆಕ್ಕ ನೀವೇ ಹಾಕಿ. ಅಂದ್ರೆ ರೋಗಕ್ಕೆ ಕೊಡ್ತಿದ್ದ ಮದ್ದೇ ರೋಗ ತರ್ತಿತ್ತು.

ಈ ಕೆಲಸ ಮುಗಿಯೋಷ್ಟರಲ್ಲಿ 1980 ಆಗಿತ್ತು, ಆದ್ರೆ ಪೇಪರ್ ಬಂದ ತಕ್ಷಣ ಜಗತ್ತು ಬದಲಾಗಲ್ಲವಲ್ಲ. ಇಂಡೋನೇಷ್ಯಾದಲ್ಲಿ ಸರ್ಕಾರವೇ ಕೀಟನಾಶಕದ ಬೆಲೆಯಲ್ಲಿ ಸುಮಾರು 80 ಪರ್ಸೆಂಟ್ ಸಬ್ಸಿಡಿ ಕೊಡ್ತಿತ್ತು, ರೈತರಿಗೆ ಅದು ನೀರಿನ ಹಾಗೆ ಸಿಗ್ತಿತ್ತು. 1984ರಲ್ಲಿ ಆ ದೇಶ ಅಕ್ಕಿಯಲ್ಲಿ ಸ್ವಾವಲಂಬಿ ಆಯ್ತು ಅಂತ ಹಬ್ಬ ಮಾಡಿದ್ರು, ಒಂದೆರಡು ವರ್ಷಕ್ಕೇ ಜಾವಾದಲ್ಲಿ ಜಿಗಿಹುಳು ಎದ್ದು ಬಂತು. ಆಗ ಅಲ್ಲಿನ ವಿಜ್ಞಾನಿಗಳು ಮತ್ತೆ ಕೆನ್‌ಮೋರ್ ಥರದವರು ಕೈಲಿ ಹಿಡ್ಕೊಂಡಿದ್ದ ಡೇಟಾ ಕೆಲಸಕ್ಕೆ ಬಂತು. 1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ಒಂದೇ ಆದೇಶದಲ್ಲಿ 57 ಕೀಟನಾಶಕಗಳನ್ನ ಭತ್ತಕ್ಕೆ ಬಳಸಬಾರದು ಅಂದ್ಬಿಟ್ರು, ಮುಂದಿನ ಎರಡು ಮೂರು ವರ್ಷದಲ್ಲಿ ಸಬ್ಸಿಡೀನೂ ತೆಗೆದ್ರು. ಅದ್ರಿಂದ ಅಲ್ಲಿನ ಖಜಾನೆಗೆ ವರ್ಷಕ್ಕೆ 10 ಕೋಟಿ ಡಾಲರಿಗೂ ಜಾಸ್ತಿ ಉಳೀತು, ಇಳುವರಿ ಕುಸಿಯಲಿಲ್ಲ. 1989ರಿಂದ ರೈತರ ಹೊಲದ ಶಾಲೆಗಳು ಅಂತ ಶುರು ಮಾಡಿ, ರೈತರೇ ಗದ್ದೇಲಿ ಕೂತು ಯಾವುದು ತಿನ್ನೋ ಹುಳ, ಯಾವುದು ಆ ಹುಳವನ್ನ ತಿನ್ನೋ ಹುಳ ಅಂತ ಚಿತ್ರ ಬಿಡಿಸಿ ಲೆಕ್ಕ ಹಾಕೋದನ್ನ ಕಲಿತ್ರು, ಆಮೇಲೆ ಅದೇ ಮಾದರಿ ಎಷ್ಟೋ ದೇಶಗಳಿಗೆ ಹೋಯ್ತು.

ಈಗ ಇದೇ ಕೆಲಸವನ್ನ ಇವತ್ತಿನ ಮೌಲ್ಯಮಾಪನದ ಫಾರಂನಲ್ಲಿ ತುಂಬಿ ನೋಡಿ. ಜೇಡ ಎಣಿಸಿದ್ದು, ಅದೂ ಹಲವಾರು ಸೀಸನ್. ಫಲಿತಾಂಶ ಏನು ಅಂದ್ರೆ ಏನೂ ಹೊಡೀಬೇಡಿ ಅಂತ. ಮಾರೋಕೆ ಪ್ರಾಡಕ್ಟ್ ಇಲ್ಲ, ಪೇಟೆಂಟ್ ಇಲ್ಲ, ಹೊಸ ತಳಿ ಇಲ್ಲ. ಮುಖ್ಯ ಪೇಪರ್ ಬಂದಿದ್ದು ಉಷ್ಣವಲಯದ ಸಸ್ಯ ಸಂರಕ್ಷಣೆಯ ಒಂದು ಜರ್ನಲ್ಲಿನಲ್ಲಿ, ಎಲ್ಲರೂ ಕನಸು ಕಾಣೋ ಎರಡು ಮೂರು ಜರ್ನಲ್ಲುಗಳಲ್ಲಿ ಅಲ್ಲ. ಇಂಥ ಅರ್ಜಿ ಇವತ್ತು ಒಂದು ಕಮಿಟಿ ಮುಂದೆ ಹೋದ್ರೆ ಮೊದಲನೇ ಸುತ್ತಲ್ಲೇ ಬೀಳೋ ಚಾನ್ಸ್ ಜಾಸ್ತಿ ಅಂತ ನನ್ನ ಅನುಮಾನ.

ಈ ಮೌಲ್ಯಮಾಪನದ ಬಗ್ಗೆ ಎರಡು ಮಾತು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ ಎಲ್ಲರ ಬಾಯಲ್ಲೂ ಇರುತ್ತಲ್ಲ, ಅದು ಲೆಕ್ಕ ಹಾಕೋದು ಒಂದು ಜರ್ನಲ್ಲಿನಲ್ಲಿ ಹಿಂದಿನ ಎರಡು ವರ್ಷದಲ್ಲಿ ಬಂದ ಪೇಪರುಗಳನ್ನ ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖ ಮಾಡಿದಾರೆ ಅಂತ. ಎರಡು ವರ್ಷ! ಹೊಲದ ಪ್ರಯೋಗ ಓದಿ ಇನ್ನೊಬ್ಬರು ತಮ್ಮ ಹೊಲದಲ್ಲಿ ಅದನ್ನ ಮಾಡಿ ನೋಡಿ ಬರೆಯೋಕೇ ನಾಲ್ಕು ವರ್ಷ ಬೇಕು. ಹಾಗಾಗಿ ವೇಗವಾಗಿ ಓಡೋ ವಿಷಯಗಳ ಜರ್ನಲ್ ಮೇಲೆ, ನಿಧಾನದ ವಿಷಯಗಳ ಜರ್ನಲ್ ಕೆಳಗೆ, ಇದ್ರಲ್ಲಿ ಗುಣಮಟ್ಟದ ಪ್ರಶ್ನೇನೇ ಇಲ್ಲ. 2005ರಲ್ಲಿ ಹಿರ್ಶ್ ಅನ್ನೋ ಭೌತವಿಜ್ಞಾನಿ ಎಚ್ ಇಂಡೆಕ್ಸ್ ಅಂತ ಒಂದು ನಂಬರ್ ಕೊಟ್ರು, ಇಡೀ ಒಬ್ಬ ಮನುಷ್ಯನ ಸಂಶೋಧನೆಯನ್ನ ಒಂದೇ ಅಂಕಿಗೆ ಇಳಿಸೋದು, ಅದಂತೂ ಕೆಲಸ ಕೊಡೋ ಕಮಿಟಿಗಳಿಗೆ ಬಲು ಇಷ್ಟ ಆಯ್ತು. ಇದು ಸರಿ ಇಲ್ಲ ಅಂತ ವಿಜ್ಞಾನಿಗಳೇ 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೂತು ಒಂದು ಘೋಷಣೆ ಮಾಡಿದ್ರು, ಡೋರಾ ಅಂತ ಕರೀತಾರೆ, ಜರ್ನಲ್ಲಿನ ನಂಬರ್ ನೋಡಿ ಮನುಷ್ಯನ ಬೆಲೆ ಕಟ್ಟಬೇಡಿ ಅನ್ನೋದು ಅದರ ಸಾರ. ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ಸಹಿ ಹಾಕಿದ ಮೇಲೂ ಇಂಟರ್‌ವ್ಯೂ ರೂಮಲ್ಲಿ ಮೊದಲು ಕೇಳೋ ಪ್ರಶ್ನೆ ಏನು ಅಂತ ಒಳಗೆ ಹೋಗಿ ಬಂದವರಿಗೆ ಗೊತ್ತು.

ಇನ್ನೊಂದು ತೊಂದರೆ ಇದೆ, ಇದರ ಬಗ್ಗೆ ಜನ ಅಷ್ಟಾಗಿ ಮಾತಾಡಲ್ಲ. ಇಕಾಲಜಿಯವರು, ಅಂದ್ರೆ ಪರಿಸರ ವಿಜ್ಞಾನದವರು, ಬಹಳ ಕಾಲ ಕಾಡು, ಹುಲ್ಲುಗಾವಲು, ಕೆರೆ, ದ್ವೀಪ ಅಂತ ಮನುಷ್ಯ ಮುಟ್ಟದ ಜಾಗ ಹುಡುಕ್ಕೊಂಡು ಹೋದ್ರು, ಹೊಲ ಅಂದ್ರೆ ಕೆಟ್ಟುಹೋದ ಜಾಗ ಅಂತ ಒಂದು ಸಣ್ಣ ತಾತ್ಸಾರ. ಕೃಷಿ ವಿಜ್ಞಾನದವರಿಗೆ ಇಳುವರಿ ಮುಖ್ಯ, ಬೆಳೆಗೆ ತೊಂದರೆ ಕೊಡದ ಹುಳ ಅವರ ಕಣ್ಣಿಗೆ ಬೀಳ್ತಿರಲಿಲ್ಲ. ಆದ್ರೆ ಭೂಮಿಯ ಒಟ್ಟು ನೆಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊಲ ಮತ್ತೆ ಮೇವಿನ ಜಾಗವೇ, ಅದನ್ನ ಬಿಟ್ಟು ಯಾವ ಪರಿಸರವನ್ನ ಓದ್ತೀರ? ಈ ಎರಡರ ಮಧ್ಯೆ ನಿಲ್ಲೋ ವಿಜ್ಞಾನಿಯ ಪೇಪರನ್ನ ಇಕಾಲಜಿ ಜರ್ನಲ್ಲಿಗೆ ಕಳಿಸಿದ್ರೆ ಇದು ತುಂಬಾ ಅಪ್ಲೈಡ್ ಆಯ್ತು ಅಂತಾರೆ, ಕೃಷಿ ಜರ್ನಲ್ಲಿಗೆ ಕಳಿಸಿದ್ರೆ ರೈತರಿಗೆ ಇದ್ರಿಂದ ಏನು ಶಿಫಾರಸು ಅಂತ ಕೇಳ್ತಾರೆ. ಹಾಗಂತ ಸೇತುವೆ ಕಟ್ಟಿದವರೇ ಇಲ್ಲ ಅಂತಲ್ಲ, 1959ರಲ್ಲೇ ಕ್ಯಾಲಿಫೋರ್ನಿಯಾದ ನಾಲ್ಕು ಜನ, ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಶ್, ಹೇಗನ್, ಕುದುರೆ ಮೆಂತ್ಯದ ಸಸ್ಯಹೇನಿನ ಮೇಲೆ ಕೆಲಸ ಮಾಡಿದ ಅನುಭವದಲ್ಲಿ ಒಂದು ಪೇಪರ್ ಬರೆದ್ರು, ಹುಳ ಕಂಡ ತಕ್ಷಣ ಹೊಡೀಬೇಡಿ, ಅದು ಮಾಡೋ ನಷ್ಟ ಔಷಧಿ ಖರ್ಚಿಗಿಂತ ಜಾಸ್ತಿ ಆಗೋ ಮಟ್ಟಕ್ಕೆ ಬೆಳೀತಿದೆಯಾ ನೋಡಿ ಆಮೇಲೆ ಕೈ ಹಾಕಿ ಅನ್ನೋ ಆರ್ಥಿಕ ಹಾನಿ ಮಟ್ಟದ ಲೆಕ್ಕ ಅಲ್ಲಿಂದ ಬಂದಿದ್ದು. ಇವತ್ತು ಸಮಗ್ರ ಕೀಟ ನಿರ್ವಹಣೆ ಅಂತ ಪಾಠದಲ್ಲಿ ಓದೋದಕ್ಕೆಲ್ಲ ಅದೇ ಬೇರು.

ಮರಗೆಣಸಿನ ಕಥೆ ಹೇಳದೆ ಮುಂದೆ ಹೋದ್ರೆ ತಪ್ಪಾಗುತ್ತೆ. ಮರಗೆಣಸು ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ, ಆಫ್ರಿಕಾಕ್ಕೆ ಹೋಗಿ ಅಲ್ಲಿ ಕೋಟ್ಯಂತರ ಜನರ ಹೊಟ್ಟೆ ತುಂಬಿಸೋ ಬೆಳೆ ಆಯ್ತು. 1970ರ ದಶಕದ ಶುರುವಲ್ಲಿ ಅದರ ಹಳೇ ಶತ್ರು ಒಂದು ಹಿಟ್ಟು ತಿಗಣೆ ಹಿಂದೆ ಹಿಂದೆಯೇ ಅಲ್ಲಿಗೆ ಬಂತು, ಆದ್ರೆ ಅದನ್ನ ತಿನ್ನೋ ಜೀವಿಗಳು ಜೊತೇಲಿ ಬರಲಿಲ್ಲ. ಹೋದಲ್ಲೆಲ್ಲ ಬೆಳೆ ನಾಶ. ಸ್ವಿಟ್ಜರ್ಲೆಂಡಿನ ಹ್ಯಾನ್ಸ್ ಹೆರೆನ್ 1979ರಲ್ಲಿ ನೈಜೀರಿಯಾದ ಉಷ್ಣವಲಯ ಕೃಷಿ ಸಂಸ್ಥೆಗೆ ಸೇರಿದಾಗ ಐಡಿಯಾ ಸರಳವಾಗೇ ಇತ್ತು, ಹುಳದ ತವರಿಗೆ ಹೋಗಿ ಅಲ್ಲಿ ಅದನ್ನ ಯಾರು ತಿಂತಾರೆ ಹುಡುಕಿ ತರೋದು. ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಹುಡುಕಿದ್ರು, ನೋಡೋಕೆ ಅದೇ ಥರ ಇರೋ ತಿಗಣೆ ಸಿಕ್ತು, ಅದರ ಮೇಲೆ ಬದುಕೋ ಕಣಜಗಳೂ ಸಿಕ್ಕವು, ತಂದು ಬಿಟ್ರೆ ಕೆಲಸಾನೇ ಮಾಡ್ಲಿಲ್ಲ. ಯಾಕೆ? ಅಲ್ಲಿ ಸಿಕ್ಕ ತಿಗಣೆಯಲ್ಲಿ ಗಂಡೂ ಇತ್ತು ಹೆಣ್ಣೂ ಇತ್ತು, ಆಫ್ರಿಕಾದ್ದರಲ್ಲಿ ಬರೀ ಹೆಣ್ಣೇ, ಗಂಡಿಲ್ಲದೆ ಮರಿ ಹಾಕೋದು. ಎರಡೂ ಬೇರೆ ಬೇರೆ ಜಾತಿ! ಮೈಕ್ರೋಸ್ಕೋಪ್ ಕೆಳಗಿಟ್ಟು ಜಾತಿ ಗುರುತಿಸೋ ವರ್ಗೀಕರಣದವರು ಇದನ್ನ ಬಿಡಿಸಿ ಹೇಳಿದ ಮೇಲೆ, ಆ ತಪ್ಪು ತಿಗಣೆಗೆ ಹೆರೆನ್ ಹೆಸರನ್ನೇ ಇಟ್ರು, ಅದೊಂದು ತಮಾಷೆ. ಸರಿಯಾದ ತಿಗಣೆ ಸಿಕ್ಕಿದ್ದು 1981ರಲ್ಲಿ ಪರಾಗ್ವೆಯಲ್ಲಿ, ಆಂಥೊನಿ ಬೆಲ್ಲೊಟ್ಟಿ ಅನ್ನೋ ಕೀಟವಿಜ್ಞಾನಿಗೆ. ಅದರ ಜೊತೆಗೆ ಸಿಕ್ಕ ಒಂದು ಪುಟಾಣಿ ಕಣಜ ಆಫ್ರಿಕಾದ ದೇಶ ದೇಶಗಳಲ್ಲಿ ನೆಲೆಯೂರಿ ತಿಗಣೆಯನ್ನ ಮಟ್ಟ ಹಾಕ್ತು, 1995ರಲ್ಲಿ ಹೆರೆನ್‌ಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಸುಮಾರು ಮೂವತ್ತು ವರ್ಷ ಆದ್ಮೇಲೆ ಅದೇ ತಿಗಣೆ ಥಾಯ್ಲೆಂಡಿಗೆ ಹೋದಾಗ ಅದೇ ಕಣಜವನ್ನ ಆಫ್ರಿಕಾದಿಂದ ತಗೊಂಡು ಹೋಗಿ ಬಿಟ್ರು.

ಇದ್ರಲ್ಲಿ ಹೀರೋ ಯಾರು ಅಂತ ಕೇಳಿದ್ರೆ ಪ್ರಶಸ್ತಿ ಹೆರೆನ್‌ಗೆ ಸಿಕ್ಕಿದ್ದು ಸರಿಯಾಗೇ ಇದೆ, ಆದ್ರೆ ಎರಡು ಬಿಳಿ ತಿಗಣೆ ಮಧ್ಯೆ ಕೂದಲೆಳೆ ವ್ಯತ್ಯಾಸ ಹುಡುಕಿದ ವರ್ಗೀಕರಣ ತಜ್ಞರು ಇಲ್ಲದಿದ್ರೆ ಇನ್ನೂ ಎಷ್ಟು ವರ್ಷ ತಪ್ಪು ಕಣಜ ಬಿಡ್ತಿದ್ರೋ. ಅಂಥವರಿಗೆ ಈಗ ಕೆಲಸವೇ ಇಲ್ಲ. ಒಬ್ಬರು ರಿಟೈರ್ ಆದ್ರೆ ಆ ಹುದ್ದೆ ಮುಚ್ಚುತ್ತೆ, ಇಲ್ಲಾಂದ್ರೆ ಮಾಲಿಕ್ಯುಲರ್ ಅನ್ನೋ ಪದ ಸೇರಿಸಿ ಬೇರೆ ಯಾರಿಗೋ ಹೋಗುತ್ತೆ. ಡಿಎನ್‌ಎಯ ಒಂದು ತುಣುಕು ಓದಿ ಜಾತಿ ಗುರುತಿಸೋ ಬಾರ್‌ಕೋಡ್ ಇದೆಯಲ್ಲ ಅಂತಾರೆ, ಇದೆ, ಆದ್ರೆ ಬಾರ್‌ಕೋಡ್ ಓದಿದ ಮೇಲೆ ಅದು ಯಾವ ಜಾತಿ ಅಂತ ಹೋಲಿಸೋಕೆ ಯಾರೋ ಒಬ್ಬರು ಮೊದಲು ಆ ಹುಳಕ್ಕೆ ಹೆಸರಿಟ್ಟು ಪಿನ್ ಚುಚ್ಚಿ ಪೆಟ್ಟಿಗೇಲಿ ಇಟ್ಟಿರಬೇಕು.

ಹಾಗಾದ್ರೆ ಉದ್ದ ಕಾಲದ ಕೆಲಸ ಎಲ್ಲೂ ನಡೆದೇ ಇಲ್ವಾ? ನಡೆದಿದೆ, ಆದ್ರೆ ದುಡ್ಡು ಎಲ್ಲಿಂದ ಬಂತು ನೋಡಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಅನ್ನೋ ಗೋಧಿ ಹೊಲ ಇದೆ, 1843ರಲ್ಲಿ ಶುರುವಾದ ಪ್ರಯೋಗ, ಇವತ್ತಿಗೂ ನಡೀತಿದೆ. ಶುರು ಮಾಡಿದ್ದು ಜಾನ್ ಲಾಸ್ ಅನ್ನೋ ಜಮೀನ್ದಾರರು ಮತ್ತೆ ಅವರು ಕರೆತಂದ ಜೋಸೆಫ್ ಗಿಲ್ಬರ್ಟ್ ಅನ್ನೋ ರಸಾಯನ ವಿಜ್ಞಾನಿ. ಇಬ್ಬರೂ 57 ವರ್ಷ ಒಟ್ಟಿಗೆ ಕೆಲಸ ಮಾಡಿದ್ರು. ಗ್ರ್ಯಾಂಟ್ ಅರ್ಜಿ ಬರೆಯೋ ತಾಪತ್ರಯವೇ ಇರಲಿಲ್ಲ, ಲಾಸ್ ಅವರದ್ದೇ ಸೂಪರ್‌ಫಾಸ್ಫೇಟ್ ಗೊಬ್ಬರದ ಕಾರ್ಖಾನೆ ಇತ್ತು, ಅದರ ದುಡ್ಡೇ ಇಲ್ಲಿಗೆ. 1889ರಲ್ಲಿ ಒಂದು ಲಕ್ಷ ಪೌಂಡ್ ಟ್ರಸ್ಟಿಗೆ ಇಟ್ಟು ತಮ್ಮ ನಂತರವೂ ನಿಲ್ಲದ ಹಾಗೆ ಮಾಡಿದ್ರು. ಗೊಬ್ಬರ ಮಾರೋರೇ ಗೊಬ್ಬರದ ಪ್ರಯೋಗಕ್ಕೆ ದುಡ್ಡು ಹಾಕಿದ್ದು ಅನ್ನೋದು ಇವತ್ತಾದ್ರೆ ದೊಡ್ಡ ಗಲಾಟೆ ಆಗ್ತಿತ್ತು, ಆಗಬೇಕಾದ್ದೇ, ಆದ್ರೆ ಆ ಹೊಲದಲ್ಲಿ ಏನೂ ಹಾಕದೆ ಬಿಟ್ಟ ಪಟ್ಟಿ ಕೂಡ ಇದೆ, ನೂರೆಂಬತ್ತು ವರ್ಷದಿಂದ ಗೊಬ್ಬರ ಕಾಣದ ಆ ನೆಲ ಈಗಲೂ ಹೆಕ್ಟೇರಿಗೆ ಸುಮಾರು ಒಂದು ಟನ್ ಗೋಧಿ ಕೊಡುತ್ತೆ, ಅದನ್ನ ಅವರು ಮುಚ್ಚಿಡಲಿಲ್ಲ.

ಅಲ್ಲಿಯ ನನಗೆ ತುಂಬಾ ಇಷ್ಟದ ವಿಷಯ ಅಂದ್ರೆ ಬಾಟಲಿಗಳು. ಪ್ರತಿ ವರ್ಷ ಕೊಯ್ದ ಕಾಳು, ಹುಲ್ಲು, ಮತ್ತೆ ಆಗಾಗ ತೆಗೆದ ಮಣ್ಣು, ಎಲ್ಲವನ್ನೂ ಒಣಗಿಸಿ ಮುಚ್ಚಳ ಹಾಕಿ ಲೇಬಲ್ ಬರೆದು ಇಟ್ಟಿದಾರೆ, ಮೂರು ಲಕ್ಷಕ್ಕೂ ಜಾಸ್ತಿ ಸ್ಯಾಂಪಲ್. ಯಾಕೆ ಇಡ್ತಿದೀವಿ ಅಂತ ಇಟ್ಟವರಿಗೇ ಪೂರ್ತಿ ಗೊತ್ತಿರಲಿಲ್ಲ. 2005ರಲ್ಲಿ ಒಂದು ತಂಡ ಆ ಹಳೇ ಗೋಧಿಯಿಂದ ಡಿಎನ್‌ಎ ತೆಗೆದು, ಎಲೆಗೆ ಮಚ್ಚೆ ರೋಗ ತರೋ ಎರಡು ಶಿಲೀಂಧ್ರಗಳಲ್ಲಿ ಯಾವ ಕಾಲಕ್ಕೆ ಯಾವುದು ಜಾಸ್ತಿ ಇತ್ತು ಅಂತ 160 ವರ್ಷದ ಲೆಕ್ಕ ಹಾಕ್ತು. ಆ ಏರಿಳಿತ ತಾಳೆ ಆಗಿದ್ದು ಗಾಳಿಯಲ್ಲಿದ್ದ ಗಂಧಕದ ಡೈಆಕ್ಸೈಡಿಗೆ, ಅಂದ್ರೆ ಕಲ್ಲಿದ್ದಲು ಹೊಗೆಗೆ. ಕಾರ್ಖಾನೆ ಹೊಗೆ ಗೋಧಿಯ ಯಾವ ರೋಗ ಗೆಲ್ಲಬೇಕು ಅಂತ ತೀರ್ಮಾನ ಮಾಡ್ತಿತ್ತು! ಮೊದಲ ಬಾಟಲಿ ಮುಚ್ಚಿದಾಗ ಡಿಎನ್‌ಎ ಅನ್ನೋ ವಸ್ತು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ, ಈಗಿನ ಯಾವ ಅರ್ಜಿ ಫಾರಂನಲ್ಲಿ ನಿರೀಕ್ಷಿತ ಫಲಿತಾಂಶ ಅನ್ನೋ ಕಾಲಮ್ಮಿಗೆ ಇದನ್ನ ಬರೆಯೋಕೆ ಆಗ್ತಿತ್ತು? ಅದೇ ಹೊಲದ ಎಪ್ಪತ್ತೈದು ವರ್ಷದ ಅಂಕಿ ರಾಶಿ ಬಿದ್ದಿದ್ದಕ್ಕೇ 1919ರಲ್ಲಿ ಫಿಶರ್ ಅನ್ನೋ ಗಣಿತದವರನ್ನ ಕೆಲಸಕ್ಕೆ ತಗೊಂಡ್ರು, ಇವತ್ತು ಪ್ರಪಂಚದ ಎಲ್ಲ ವಿಜ್ಞಾನ ವಿದ್ಯಾರ್ಥಿಗಳೂ ಗೊಣಗಾಡ್ಕೊಂಡು ಕಲಿಯೋ ಅನೋವಾ, ಅಂದ್ರೆ ಗುಂಪುಗಳ ಮಧ್ಯೆ ಇರೋ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ಅಳೆಯೋ ಲೆಕ್ಕ, ಹುಟ್ಟಿದ್ದು ಅಲ್ಲಿ.

ಜರ್ಮನಿಯ ಕ್ರೆಫೆಲ್ಡ್ ಕಥೆ ಇನ್ನೂ ವಿಚಿತ್ರ. 2017ರಲ್ಲಿ ಒಂದು ಪೇಪರ್ ಬಂತು, 63 ಸಂರಕ್ಷಿತ ಜಾಗಗಳಲ್ಲಿ 27 ವರ್ಷದಲ್ಲಿ ಹಾರೋ ಕೀಟಗಳ ಒಟ್ಟು ತೂಕ 76 ಪರ್ಸೆಂಟ್ ಇಳಿದಿದೆ ಅಂತ. ಜಗತ್ತಿನ ಪೇಪರುಗಳಲ್ಲೆಲ್ಲ ಸುದ್ದಿ ಆಯ್ತು, ಇವತ್ತು ಕೀಟಗಳು ಮಾಯ ಆಗ್ತಿವೆ ಅಂತ ನಾವು ಮಾತಾಡ್ತಿರೋದಕ್ಕೆ ಅದೇ ದೊಡ್ಡ ಕಾರಣ. ಆ ಬಲೆಗಳನ್ನ ಕಟ್ಟಿ, ಬಾಟಲಿ ಬದಲಾಯಿಸಿ, ತೂಕ ಹಾಕಿ 1989ರಿಂದ ನಡೆಸ್ಕೊಂಡು ಬಂದಿದ್ದು ಒಂದು ಹವ್ಯಾಸಿ ಕೀಟಪ್ರಿಯರ ಸಂಘ. ಪೇಪರ್ ಬರೆಯೋವಾಗ ವಿಶ್ವವಿದ್ಯಾಲಯದವರು ಸೇರಿದ್ರು, ಆದ್ರೆ ಬಲೆ ಸಂಘದ್ದು. ಪ್ರತಿ ವರ್ಷ ಎಲ್ಲ ಜಾಗದಲ್ಲೂ ಬಲೆ ಇರಲಿಲ್ಲ, ಒಂದೊಂದು ಕಡೆ ಒಂದೇ ವರ್ಷ ಇತ್ತು ಅನ್ನೋ ತಕರಾರು ಬಂತು, ಅದು ಸರಿಯಾದ ತಕರಾರೇ. ಆದ್ರೆ ಸಂಬಳ ತಗೊಳ್ಳೋ ನಾವು ಯಾಕೆ ಆ ಬಲೆ ಕಟ್ಟಿರಲಿಲ್ಲ ಅನ್ನೋದಕ್ಕೆ ಮಾತ್ರ ಉತ್ತರ ಬರಲಿಲ್ಲ. ಸಂಬಳದ ಕೆಲಸವಾಗಿ ನಡೆದದ್ದಕ್ಕೆ ಉದಾಹರಣೆ ಬೇಕಂದ್ರೆ ಮತ್ತೆ ರೊಥಾಮ್‌ಸ್ಟೆಡ್‌ಗೇ ಹೋಗಬೇಕು, 1964ರಿಂದ 12 ಮೀಟರ್ ಎತ್ತರದ ಕೊಳವೆಗಳಲ್ಲಿ ಗಾಳಿ ಎಳೆದು ಸಸ್ಯಹೇನು ಹಿಡಿದು ಎಣಿಸ್ತಾ ಬಂದಿದಾರೆ, ರೈತರಿಗೆ ಈ ವರ್ಷ ಹೇನು ಯಾವಾಗ ಬರುತ್ತೆ ಅಂತ ಮುಂಚೆನೇ ಹೇಳೋದು ಅದರ ಮೇಲೇ.

ಈಗ ಹೊಸ ತಲೆಮಾರಿನವರು ಏನು ಮಾಡ್ತಿದಾರೆ? ಬುದ್ಧಿವಂತರು, ದಾರಿ ಕಂಡ್ಕೊಂಡಿದಾರೆ. ಹೊಲಕ್ಕೆ ಹೋಗೋದು ಬಿಟ್ಟು, ಬೇರೆಯವರು ಹೊಲದಿಂದ ತಂದ ನೂರಾರು ಡೇಟಾ ಸೆಟ್ ಕೂಡಿಸಿ ದೊಡ್ಡ ವಿಶ್ಲೇಷಣೆ ಮಾಡೋದು, ಸ್ಯಾಟಲೈಟ್ ಚಿತ್ರದಿಂದ ಬೆಳೆ ನೋಡೋದು, ಮಾಡೆಲ್ ಕಟ್ಟೋದು. ಮಳೆಗೆ ಕಾಯೋ ಹಾಗಿಲ್ಲ, ವರ್ಷಕ್ಕೆ ಎರಡು ಪೇಪರ್ ಗ್ಯಾರಂಟಿ. ನಾನು ಇದನ್ನ ಬೈಯಲ್ಲ, ಎಷ್ಟೋ ಒಳ್ಳೆ ಕೆಲಸ ಹಾಗೇ ಬಂದಿದೆ, ಒಂದೇ ಹೊಲದಲ್ಲಿ ಕಾಣದ್ದು ಸಾವಿರ ಹೊಲ ಕೂಡಿಸಿದ್ರೆ ಕಾಣುತ್ತೆ. ತಕರಾರು ಇರೋದು ಇಷ್ಟೇ, ಡೇಟಾ ಎಲ್ಲರಿಗೂ ಓಪನ್ ಇಡಿ ಅನ್ನೋ ನಿಯಮ ಬಂದಿದೆ, ಒಳ್ಳೇದೇ, ಆದ್ರೆ ಎಂಟು ವರ್ಷ ಜಿಗಣೆ ಕಚ್ಚಿಸ್ಕೊಂಡು ಡೇಟಾ ತಂದವರ ಹೆಸರು ಆ ದೊಡ್ಡ ಪೇಪರಿನ ಅನುಬಂಧದ ಪಟ್ಟಿಯಲ್ಲಿ 214ನೇ ಸಾಲಲ್ಲಿ ಇರುತ್ತೆ, ಆ ಉಲ್ಲೇಖವನ್ನ ಸಾಮಾನ್ಯವಾಗಿ ಯಾವ ಎಚ್ ಇಂಡೆಕ್ಸೂ ಎಣಿಸಲ್ಲ. ಎಲ್ಲರೂ ಕೂಡಿಸೋಕೆ ಕೂತ್ರೆ ತರೋರು ಯಾರು?

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳಬೇಕು. ಉದ್ದ ಕಾಲ ನಡೆದಿದ್ದೆಲ್ಲ ಒಳ್ಳೆ ವಿಜ್ಞಾನ ಅಂತಲ್ಲ. ಬ್ರಾಡ್‌ಬಾಕ್ ಹೊಲವನ್ನೇ ಇವತ್ತಿನ ಲೆಕ್ಕದಲ್ಲಿ ನೋಡಿದ್ರೆ ವಿನ್ಯಾಸ ತಪ್ಪು, ಒಂದೊಂದು ಗೊಬ್ಬರಕ್ಕೆ ಒಂದೊಂದೇ ಪಟ್ಟಿ, ಪುನರಾವರ್ತನೆ ಇಲ್ಲ, ಚೀಟಿ ಎತ್ತಿ ಜಾಗ ಹಂಚಿಲ್ಲ, ಫಿಶರ್ ಮುಂದೆ ಹೇಳಿಕೊಟ್ಟ ನಿಯಮ ಎಲ್ಲ ಆ ಹೊಲವೇ ಮುರಿಯುತ್ತೆ. 1968ರಲ್ಲಿ ಅದನ್ನ ಭಾಗ ಮಾಡಿ, ಹೊಸ ತಳಿ ಹಾಕಿ, ಪ್ರಯೋಗವನ್ನೇ ಬದಲಾಯಿಸಿದ್ರು, ಹಾಗೆ ಮಾಡದಿದ್ರೆ ಅದು ಮ್ಯೂಸಿಯಂ ಆಗಿಬಿಡ್ತಿತ್ತು. ಹಿರಿಯರು ಶುರು ಮಾಡಿದ್ರು ಅನ್ನೋ ಒಂದೇ ಕಾರಣಕ್ಕೆ ನಡೀತಿರೋ ಪ್ರಯೋಗಗಳೂ ಇವೆ, ಯಾರೂ ಡೇಟಾ ತೆಗೆದು ನೋಡಲ್ಲ, ನಿಲ್ಲಿಸೋಕೆ ಧೈರ್ಯವೂ ಇಲ್ಲ. ದುಡ್ಡು ಕೊಡೋರು ಮೂರು ವರ್ಷಕ್ಕೊಮ್ಮೆ ಏನು ಮಾಡಿದ್ರಿ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಕೇಳೋದು ಬೇರೆ, ಮೂರು ವರ್ಷಕ್ಕೆ ಕಿತ್ತು ಹಾಕೋದು ಬೇರೆ.

ಅಮೆರಿಕದಲ್ಲಿ 1980ರಿಂದ ದೀರ್ಘಕಾಲೀನ ಪರಿಸರ ಸಂಶೋಧನೆಯ ಜಾಗಗಳು ಅಂತ ಒಂದು ಜಾಲ ಇದೆ, ಎಲ್‌ಟಿಇಆರ್ ಅಂತಾರೆ, ಅಲ್ಲಿ ಆರು ವರ್ಷಕ್ಕೊಮ್ಮೆ ಪರೀಕ್ಷೆ, ಪಾಸಾದ್ರೆ ಮತ್ತೆ ಆರು ವರ್ಷ. ಕಾಡು, ಹುಲ್ಲುಗಾವಲುಗಳ ಜೊತೆ ಮಿಶಿಗನ್ನಿನಲ್ಲಿ ಮೆಕ್ಕೆಜೋಳ, ಸೋಯಾ, ಗೋಧಿ ಬೆಳೆಯೋ ಹೊಲಗಳ ಜಾಗವೂ ಅದ್ರಲ್ಲಿ ಇದೆ. ನನಗೆ ಇದ್ರಲ್ಲಿ ಸರಿ ಅನ್ನಿಸೋದು ಹೊಲ ಒಬ್ಬ ವಿಜ್ಞಾನಿಯ ಸೊತ್ತಲ್ಲ ಅನ್ನೋದು. ಒಬ್ಬರು ರಿಟೈರ್ ಆದ್ರೂ ತಾಕು ಇರುತ್ತೆ, ಪಿಎಚ್‌ಡಿ ಹುಡುಗಿ ಬಂದು ಎರಡೇ ಸೀಸನ್ ಕೆಲಸ ಮಾಡಿದ್ರೂ ಅವಳ ಹಿಂದೆ ಮೂವತ್ತು ವರ್ಷದ ಅಂಕಿ ಇರುತ್ತೆ, ಅವಳ ಎರಡು ವರ್ಷ ಅರ್ಧಕ್ಕೆ ನಿಂತ ಕಥೆ ಆಗಲ್ಲ. ಇನ್ನೊಂದು, ಯಾರೂ ಹೊಗಳದ ಪರಿಹಾರ, ಖಾಯಂ ಟೆಕ್ನಿಷಿಯನ್ ಹುದ್ದೆ. ಪೇಪರ್ ಬರೆಯೋ ಒತ್ತಡ ಇಲ್ಲದೆ, ಪ್ರತಿ ಮಂಗಳವಾರ ಬಲೆ ಬದಲಾಯಿಸೋಕೆ ಸಂಬಳ ತಗೊಳ್ಳೋ ಒಬ್ಬ ಮನುಷ್ಯ. ವಿಜ್ಞಾನಿಗಳು ಬಂದು ಹೋಗ್ತಾರೆ, ಆ ಮನುಷ್ಯನಿಗೆ ಮಾತ್ರ ಯಾವ ತಾಕಿನ ಯಾವ ಮೂಲೇಲಿ ನೀರು ನಿಲ್ಲುತ್ತೆ ಅಂತ ಗೊತ್ತಿರುತ್ತೆ. ಬಜೆಟ್ ಕಡಿತ ಬಂದಾಗ ಮೊದಲು ಹೋಗೋ ಹುದ್ದೇನೂ ಅದೇ.

ಬಹುವಾರ್ಷಿಕ ಭತ್ತ ಅಂತ ಒಂದಿದೆ, ಒಂದು ಸಲ ನಾಟಿ ಮಾಡಿದ್ರೆ ಕೊಯ್ದ ಕೂಳೆಯಿಂದಲೇ ನಾಲ್ಕು ವರ್ಷದ ತನಕ ಬೆಳೆ ಬರೋದು. ಆಫ್ರಿಕಾದ ಕಾಡು ಭತ್ತದ ಜೊತೆ ಕ್ರಾಸ್ ಮಾಡಿದ್ದು 1990ರ ದಶಕದಲ್ಲಿ, ಚೀನಾದ ಯುನ್ನಾನ್‌ನಲ್ಲಿ ಮೊದಲ ತಳಿ ರೈತರಿಗೆ ಬಿಟ್ಟಿದ್ದು 2018ರಲ್ಲಿ. ಮಧ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ. ಮೂರು ವರ್ಷದ ಗ್ರ್ಯಾಂಟಿನ ಲೆಕ್ಕದಲ್ಲಿ ಏಳು ಗ್ರ್ಯಾಂಟು, ಅದ್ರಲ್ಲಿ ಮೊದಲ ನಾಲ್ಕೈದಕ್ಕೆ ರೈತರ ಕೈಗೆ ಕೊಟ್ಟಿದ್ದೇನು ಅಂತ ಕೇಳಿದ್ರೆ ತೋರಿಸೋಕೆ ತಳಿ ಇರಲ್ಲ.

ಕಳೆದ ವರ್ಷ ಒಬ್ಬ ಪಿಎಚ್‌ಡಿ ಹುಡುಗ ನಮ್ಮ ಹಳೇ ಜಿಗಿಹುಳು ಡೇಟಾ ಇದೆಯಾ ಸರ್ ಅಂತ ಮೇಲ್ ಮಾಡಿದ್ದ, ಎಲ್ಲೋ ಕೂಡಿಸೋಕೆ ಬೇಕಂತೆ. ಹಳೇ ಹಾರ್ಡ್ ಡಿಸ್ಕ್ ಹುಡುಕಿ ಎಕ್ಸೆಲ್ ಫೈಲ್ ತೆಗೆದೆ. ಜಿಗಿಹುಳು ದೊಡ್ಡದು, ಮರಿ, ರೆಕ್ಕೆ ಇರೋದು, ರೆಕ್ಕೆ ಇಲ್ಲದ್ದು, ಎಲ್ಲ ನೀಟಾಗಿತ್ತು. ಕೊನೇಲಿ ಒಂದು ಕಾಲಮ್ಮು, ಹೆಸರು 'ಇತರೆ'. ತಟ್ಟೆ ಅಂಚು ಹತ್ತಿ ಓಡಿ ಹೋಗ್ತಿದ್ವಲ್ಲ ಜೇಡಗಳು, ಅವನ್ನೆಲ್ಲ ಅದಕ್ಕೇ ಹಾಕಿದ್ವಿ, ನಮ್ಮ ಪ್ರಾಜೆಕ್ಟ್ ಇದ್ದಿದ್ದು ಹುಳದ ಬಗ್ಗೆ, ಜೇಡ ಎಣಿಸಿ ಅಂತ ಯಾರೂ ಹೇಳಿರಲಿಲ್ಲ. ಎರಡು, ಐದು, ಮೂರು, ಏಳು ಅಂತ ಅಂಕಿ ಇವೆ, ಯಾವ ಜೇಡ ಅಂತ ಎಲ್ಲೂ ಬರೆದಿಲ್ಲ. ಅವನು ವಾಪಸ್ ಕೇಳಿದ, ಸರ್ ಈ ಇತರೆ ಅಂದ್ರೆ ಏನು ಅಂತ.